ಲ್ಯಾಟಿನ್ ಗಾದೆಯಲ್ಲಿ ಒಂದು ಪದ ಬದಲಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ಇನ್ ವೀನೋ ವೇರಿತಾಸ್." ದ್ರಾಕ್ಷಾರಸದಲ್ಲಿ ಸತ್ಯ. ಅಂದರೆ, ಕುಡಿದವನ ಬಾಯಿಂದ ನಿಜ ತಾನಾಗಿ ಹೊರಬೀಳುತ್ತದೆ. ಈ ಗಾದೆಯಲ್ಲಿ ದ್ರಾಕ್ಷಾರಸ ತೆಗೆದು ಪುಸ್ತಕವನ್ನೋ ಮೌನವನ್ನೋ ಇಡೋಣ ಎಂದು ಎಷ್ಟೋ ಜನರಿಗೆ ಅನ್ನಿಸುತ್ತದೆ. ಸಂಘದ ಧ್ಯೇಯವಾಕ್ಯಕ್ಕೆ ಬೇಕು, ಪುಸ್ತಕದ ಮೊದಲ ಪುಟಕ್ಕೆ ಬೇಕು, ಉಂಗುರದ ಒಳಬದಿಗೆ ಬೇಕು, ಹಚ್ಚೆಗೂ ಬೇಕು. ಹಳೆಯ ಮಾತಿನ ಗತ್ತು ಉಳಿಯುತ್ತದೆ, ನಮ್ಮ ಮನಸ್ಸಿನ ಮಾತೂ ಅದರೊಳಗೆ ಕೂರುತ್ತದೆ. ಒಳ್ಳೆಯ ಆಸೆಯೇ.

ಆದರೆ ಸಾಮಾನ್ಯವಾಗಿ ನಡೆಯುವುದು ಬೇರೆ. ನಿಘಂಟು ತೆಗೆದು 'ಪುಸ್ತಕ' ಹುಡುಕುತ್ತಾರೆ, 'ಲಿಬೆರ್' ಸಿಗುತ್ತದೆ, ಅದನ್ನು ತಂದು ಹಾಗೇ ಅಂಟಿಸುತ್ತಾರೆ: "ಇನ್ ಲಿಬೆರ್ ವೇರಿತಾಸ್." ಲ್ಯಾಟಿನ್ ಬಲ್ಲವರಿಗೆ ಇದು "ಪುಸ್ತಕವು ಒಳಗೆ ಸತ್ಯ" ಎಂದ ಹಾಗೆ ಕೇಳುತ್ತದೆ. ಆಗಬೇಕಿದ್ದದ್ದು "ಇನ್ ಲಿಬ್ರೋ", ಅಥವಾ ಬಹುವಚನದಲ್ಲಿ "ಇನ್ ಲಿಬ್ರೀಸ್".

ಪದದ ಅರ್ಥ ಹೊಂದಿದರೆ ಅರ್ಧ ಕೆಲಸ ಮಾತ್ರ ಆಗಿದೆ. ಆ ಪದದ ವಿಭಕ್ತಿ ಹೊಂದಬೇಕು. ಪಕ್ಕದ ಪದದ ಜೊತೆ ಅದಕ್ಕೆ ಮೊದಲಿಂದ ಒಡನಾಟ ಇರಬೇಕು. ಕೊನೆಗೆ ಕಿವಿಯೂ ಒಪ್ಪಬೇಕು. ಕನ್ನಡ ಬಲ್ಲವರಿಗೆ ಈ ಕೆಲಸ ಅಷ್ಟೇನೂ ದೂರದ್ದಲ್ಲ. ವಿಭಕ್ತಿ ನಮಗೆ ಗೊತ್ತು, ಲಘು-ಗುರು ನಮಗೆ ಗೊತ್ತು. ನಮ್ಮ ಲಿಪಿಯಲ್ಲಿ ಹ್ರಸ್ವ ದೀರ್ಘ ಎರಡೂ ಕಾಣುತ್ತವೆ. ರೋಮನ್ ಲಿಪಿಯಲ್ಲಿ ಸಾಮಾನ್ಯವಾಗಿ ಅವು ಕಾಣುವುದಿಲ್ಲ. ಪುಸ್ತಕ ಎನ್ನುವ 'ಲಿಬೆರ್' ಮತ್ತು ಸ್ವತಂತ್ರ ಎನ್ನುವ 'ಲೀಬೆರ್' ಅಲ್ಲಿ ಒಂದೇ ಥರ ಬರೆಯಲ್ಪಡುತ್ತವೆ. ಈ ಬರಹದಲ್ಲಿ ಲ್ಯಾಟಿನ್ ಪದಗಳನ್ನೆಲ್ಲ ಹಳೆಯ ರೋಮನ್ ಉಚ್ಚಾರಣೆಗೆ ಹತ್ತಿರವಾಗಿ ಕೊಟ್ಟಿದ್ದೇನೆ. ಹಾಗಾಗಿ 'ಬಂದೆ, ನೋಡಿದೆ, ಗೆದ್ದೆ' ಎಂಬ ಸೀಸರನ ಮಾತು ಇಲ್ಲಿ "ವೇನೀ, ವೀದೀ, ವೀಕೀ" ಎಂದಿರುತ್ತದೆ.

ಹಂತ 1: ಮೂಲ ಮಾತನ್ನು ಪೂರ್ತಿ ಹುಡುಕಿ

ನಾವು ಕೇಳಿದ ಗಾದೆ ಎಷ್ಟೋ ಸಲ ದೊಡ್ಡ ವಾಕ್ಯದ ಒಂದು ಚೂರು. "ಮೇನ್ಸ್ ಸಾನ ಇನ್ ಕೊರ್ಪೊರೆ ಸಾನೋ", ಅಂದರೆ ಆರೋಗ್ಯವಂತ ದೇಹದಲ್ಲಿ ಆರೋಗ್ಯವಂತ ಮನಸ್ಸು. ಇದು ಜುವೆನಾಲ್ ಕವಿಯ 10ನೇ ವಿಡಂಬನ ಕಾವ್ಯದ್ದು. ವ್ಯಾಯಾಮ ಮಾಡಿದರೆ ಮನಸ್ಸು ಚೆನ್ನಾಗಿರುತ್ತದೆ ಎಂದು ಅವನು ಹೇಳುತ್ತಿಲ್ಲ. ದೇವರ ಹತ್ತಿರ ಏನಾದರೂ ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿಕೊಳ್ಳಿ ಎನ್ನುತ್ತಿದ್ದಾನೆ. ಮೂಲದಲ್ಲಿ ಅದು ಪ್ರಾರ್ಥನೆ.

ಇನ್ನೊಂದು ಗಾದೆಯ ಕಥೆ ಇನ್ನೂ ಸೊಗಸಾಗಿದೆ. "ನೋನ್ ಸ್ಕೊಲೈ ಸೆದ್ ವೀತೈ ದಿಸ್ಕಿಮುಸ್": ನಾವು ಕಲಿಯುವುದು ಶಾಲೆಗಾಗಿ ಅಲ್ಲ, ಬದುಕಿಗಾಗಿ. ಎಷ್ಟೋ ಶಾಲೆಗಳ ಗೋಡೆ ಮೇಲೆ ಈ ಮಾತಿದೆ. ಆದರೆ ರೋಮನ್ ತತ್ವಜ್ಞಾನಿ ಸೆನೆಕಾ ತನ್ನ 106ನೇ ಪತ್ರದ ಕೊನೆಯಲ್ಲಿ ಬರೆದದ್ದು ಇದರ ತಲೆಕೆಳಗು: "ನೋನ್ ವೀತೈ ಸೆದ್ ಸ್ಕೊಲೈ ದಿಸ್ಕಿಮುಸ್", ಬದುಕಿಗಲ್ಲ, ಶಾಲೆಗಾಗಿ ಕಲಿಯುತ್ತಿದ್ದೇವೆ. ಅದು ದೂರು. ಮುಂದೆ ಯಾರೋ ಎರಡು ಪದಗಳ ಜಾಗ ಅದಲುಬದಲು ಮಾಡಿದರು, ದೂರು ಧ್ಯೇಯವಾಯಿತು. ಗಮನಿಸಿ, ಹೊಸ ಪದ ಒಂದೂ ಬಂದಿಲ್ಲ. 'ಸ್ಕೊಲೈ', 'ವೀತೈ' ಎರಡೂ ಚತುರ್ಥಿ ವಿಭಕ್ತಿಯಲ್ಲೇ ಇದ್ದವು, 'ಶಾಲೆಗೆ', 'ಬದುಕಿಗೆ'. ಅದಕ್ಕೇ ಜಾಗ ಬದಲಾದರೂ ವಾಕ್ಯ ಕುಂಟಲಿಲ್ಲ.

ಮೂಲ ಹುಡುಕಲು ಹಳೆಯ ಸಂಗ್ರಹಗಳಿವೆ. ಡಚ್ ವಿದ್ವಾಂಸ ಎರಾಸ್ಮಸ್ 1500ರಲ್ಲಿ ಪ್ಯಾರಿಸಿನಲ್ಲಿ ಸುಮಾರು 800 ಗಾದೆಗಳ ಸಂಗ್ರಹ ತಂದ. ಬೆಳೆಸುತ್ತಾ ಹೋಗಿ, ಅವನು ತೀರಿಕೊಂಡ 1536ರ ಹೊತ್ತಿಗೆ ಅದು 4000 ದಾಟಿತ್ತು. ಯಾರು, ಯಾವ ಸಂದರ್ಭದಲ್ಲಿ ಹೇಳಿದರು ಎಂಬುದನ್ನೂ ಅವನು ಬರೆದಿಟ್ಟಿದ್ದಾನೆ. ಸಂದರ್ಭ ಗೊತ್ತಿದ್ದರೆ ನಿಮ್ಮ ಬದಲಾವಣೆ ಮೂಲದ ಜೊತೆ ಮಾತಾಡುತ್ತದೆ. ಗೊತ್ತಿಲ್ಲದಿದ್ದರೆ ಸುಮ್ನೆ ಅದರ ಪಕ್ಕ ನಿಂತಿರುತ್ತದೆ.

ಹುಡುಕುವಾಗ ಇನ್ನೊಂದು ಎಚ್ಚರ. ಲ್ಯಾಟಿನ್ ಎಂದು ತಿರುಗಾಡುವುದೆಲ್ಲ ಲ್ಯಾಟಿನ್ ಅಲ್ಲ. ಎರಡನೇ ಮಹಾಯುದ್ಧದ ಕಾಲದ "ಇಲ್ಲೆಜಿಟಿಮಿ ನಾನ್ ಕಾರ್ಬೊರಂಡಮ್" (ದುಷ್ಟರ ಕೈಯಲ್ಲಿ ಸವೆದುಹೋಗಬೇಡ) ಎಂಬ ಮಾತಿನಲ್ಲಿ ಕಾರ್ಬೊರಂಡಮ್ ಎಂಬುದು ಉಜ್ಜುವ ಕಲ್ಲಿನ ಪುಡಿಗೆ ಇಟ್ಟ ವ್ಯಾಪಾರದ ಹೆಸರು. ಅಂಥ ಮಾತಿಗೆ ವ್ಯಾಕರಣವೇ ಇಲ್ಲ, ಅದರಲ್ಲಿ ಬದಲಿಸಲು ಏನೂ ಸಿಗುವುದಿಲ್ಲ.

ಹಂತ 2: ಯಾವ ಪದ ಯಾವ ವಿಭಕ್ತಿಯಲ್ಲಿದೆ ನೋಡಿ

ಲ್ಯಾಟಿನ್‌ನಲ್ಲಿ ದಿನಬಳಕೆಯ ವಿಭಕ್ತಿ ಮುಖ್ಯವಾಗಿ 5. ನಮ್ಮ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ಅಲ್ಲೂ ಇವೆ. ಉಳಿದ ತೃತೀಯಾ, ಪಂಚಮೀ, ಸಪ್ತಮೀ ಮೂರೂ ಹೆಚ್ಚುಕಡಿಮೆ ಸೇರಿ ಒಂದೇ ರೂಪವಾಗಿವೆ. ಆ ರೂಪಕ್ಕೆ ಅಬ್ಲೇಟಿವ್ ಎನ್ನುತ್ತಾರೆ. 'ಇಂದ' ಎನ್ನುವುದಕ್ಕೂ ಅದೇ, 'ಅಲ್ಲಿ' ಎನ್ನುವುದಕ್ಕೂ ಅದೇ.

'ಇನ್' ಎಂಬ ಪುಟ್ಟ ಪದದ ಮುಂದೆ ಅಬ್ಲೇಟಿವ್ ಬಂದರೆ 'ಒಳಗೆ ಇರುವುದು'. ದ್ವಿತೀಯಾ ಬಂದರೆ 'ಒಳಕ್ಕೆ ಹೋಗುವುದು'. 'ಇನ್ ವೀನೋ' ಎಂದರೆ ದ್ರಾಕ್ಷಾರಸದಲ್ಲಿ. 'ಇನ್ ವೀನುಮ್' ಎಂದರೆ ದ್ರಾಕ್ಷಾರಸದೊಳಕ್ಕೆ. ಒಂದು ಕೊನೆಯಕ್ಷರ ತಪ್ಪಿದರೆ ಸತ್ಯ ಪೀಪಾಯಿಯೊಳಕ್ಕೆ ಬೀಳುತ್ತದೆ.

ಕನ್ನಡದಲ್ಲಿ 'ಅಲ್ಲಿ' ಎನ್ನುವ ಪ್ರತ್ಯಯ ಯಾವ ಪದಕ್ಕೆ ಹಚ್ಚಿದರೂ ನಡೆಯುತ್ತದೆ. ಲ್ಯಾಟಿನ್‌ನಲ್ಲಿ ಹಾಗಿಲ್ಲ. ನಾಮಪದಗಳು 5 ಗುಂಪಾಗಿವೆ, ಒಂದೊಂದು ಗುಂಪಿಗೆ ಒಂದೊಂದು ಕೊನೆ. ಗುಂಪು ತಿಳಿಯಲು ನಿಘಂಟಿನಲ್ಲಿ ಮೊದಲ ರೂಪದ ಪಕ್ಕದಲ್ಲೇ ಕೊಟ್ಟಿರುವ ಷಷ್ಠೀ ರೂಪ ನೋಡಬೇಕು. ಅದರ ಕೊನೆ 'ಐ' ಆಗಿದ್ದರೆ ಮೊದಲ ಗುಂಪು, 'ಈ' ಆಗಿದ್ದರೆ ಎರಡನೆಯದು, 'ಇಸ್' ಆಗಿದ್ದರೆ ಮೂರನೆಯದು, 'ಊಸ್' ಆಗಿದ್ದರೆ ನಾಲ್ಕನೆಯದು, 'ಏಈ' ಅಥವಾ 'ಎಈ' ಆಗಿದ್ದರೆ ಐದನೆಯದು. ಹಾಗೆ ನೀರು 'ಅಕ್ವ' ಇದ್ದದ್ದು 'ಇನ್ ಅಕ್ವಾ' ಆಗುತ್ತದೆ. ಮೌನ 'ಸಿಲೆಂತಿಯುಮ್' ಇದ್ದದ್ದು 'ಇನ್ ಸಿಲೆಂತಿಯೋ'. ರಾತ್ರಿ 'ನೊಕ್ಸ್' ಇದ್ದದ್ದು 'ಇನ್ ನೊಕ್ತೆ'. ಕೈ 'ಮನುಸ್' ಇದ್ದದ್ದು 'ಇನ್ ಮನೂ'. ಸಂಗತಿ 'ರೇಸ್' ಇದ್ದದ್ದು 'ಇನ್ ರೇ'. ರಾತ್ರಿಯ ಉದಾಹರಣೆ ನೋಡಿ, ಮೂಲ ಪದದಲ್ಲಿ ಕಾಣದ 'ತ' ವಿಭಕ್ತಿ ಹಚ್ಚಿದಾಗ ಹೊರಗೆ ಬಂತು. ಊಹೆ ಮಾಡಿ ಇದನ್ನು ಬರೆಯೋಕೆ ಆಗುವುದಿಲ್ಲ, ನಿಘಂಟು ನೋಡಲೇಬೇಕು.

ಲಿಂಗದ್ದೂ ಒಂದು ಮಾತು. ವಿಶೇಷಣ ತನ್ನ ನಾಮಪದದ ಲಿಂಗವನ್ನು ಹಿಂಬಾಲಿಸುತ್ತದೆ. ಕ್ರೀಡಾ ಸಾಮಗ್ರಿ ಮಾಡುವ ಜಪಾನಿನ ಆಸಿಕ್ಸ್ ಕಂಪನಿ 1977ರಲ್ಲಿ ಈ ಹೆಸರು ಪಡೆದದ್ದು "ಅನಿಮ ಸಾನ ಇನ್ ಕೊರ್ಪೊರೆ ಸಾನೋ" ಎಂಬ ಮಾತಿನ ಮೊದಲಕ್ಷರಗಳಿಂದ. ಜುವೆನಾಲನ 'ಮೇನ್ಸ್' ಹೋಗಿ 'ಅನಿಮ' ಬಂದಿದೆ. 'ಮೇನ್ಸ್' ಎಂದರೆ ಬುದ್ಧಿ, ಮನಸ್ಸು. 'ಅನಿಮ' ಎಂದರೆ ಉಸಿರು, ಜೀವ. ಎರಡೂ ಸ್ತ್ರೀಲಿಂಗ, ಹಾಗಾಗಿ 'ಸಾನ' ಹಾಗೇ ಉಳಿಯಿತು. ಅದೇ ಜಾಗದಲ್ಲಿ ಪುಲ್ಲಿಂಗದ 'ಅನಿಮುಸ್' ಇಟ್ಟಿದ್ದರೆ ವಿಶೇಷಣವನ್ನೂ ತಿದ್ದಿ 'ಅನಿಮುಸ್ ಸಾನುಸ್' ಎನ್ನಬೇಕಿತ್ತು. ದೇಹದ ಜಾಗದಲ್ಲಿ ನಗರ ಇಡುವುದಾದರೆ 'ಇನ್ ಉರ್ಬೆ ಸಾನಾ', ಏಕೆಂದರೆ ನಗರ ಅಲ್ಲಿ ಸ್ತ್ರೀಲಿಂಗ.

ಹಂತ 3: ಯಾವ ಪದ ಬಿಡಬೇಕು, ಯಾವುದನ್ನು ಮುಟ್ಟಬಾರದು

ಓದುವವರಿಗೆ ಮೂಲ ಗಾದೆ ನೆನಪಾಗಬೇಕು. ಅದಿಲ್ಲದಿದ್ದರೆ ಈ ಕೆಲಸಕ್ಕೆ ಅರ್ಥವೇ ಇಲ್ಲ, ಅಲ್ವಾ? ಹಾಗಾಗಿ ಒಂದೇ ಪದ ಬದಲಿಸಿ, ಗುರುತು ಹತ್ತುವ ಪದ ಬಿಡಿ. "ಕರ್ಪೆ ದಿಯೆಮ್" (ದಿನವನ್ನು ಹಿಡಿ) ಮಾತಿನಲ್ಲಿ 'ಕರ್ಪೆ' ಉಳಿಯಬೇಕು. "ಇನ್ ವೀನೋ ವೇರಿತಾಸ್" ಮಾತಿನಲ್ಲಿ 'ವೇರಿತಾಸ್' ಉಳಿದರೆ ಒಳ್ಳೆಯದು.

ಎರಡು ಪದ ಬದಲಿಸಲೇಬೇಕಾದರೆ ಧ್ವನಿ ಕೈಹಿಡಿಯಬೇಕು. "ಇನ್ ಲಿಬ್ರೀಸ್ ಲೀಬೆರ್ತಾಸ್", ಪುಸ್ತಕಗಳಲ್ಲಿ ಸ್ವಾತಂತ್ರ್ಯ, ಎಂಬ ಮಾತು ಓದುಗರ ನಡುವೆ ಓಡಾಡುತ್ತಿದೆ. 'ವೀ-ವೇ' ಇದ್ದಲ್ಲಿ 'ಲಿ-ಲೀ' ಬಂದಿದೆ, ಕೊನೆಯ 'ತಾಸ್' ಉಳಿದಿದೆ. ಹಾಗಾಗಿ ಮೂಲ ತಕ್ಷಣ ನೆನಪಾಗುತ್ತದೆ.

ಹಂತ 4: ಪದದ ಒಡನಾಟ ನೋಡಿ

ಹೆಚ್ಚಿನವರು ಎಡವುವುದು ಇಲ್ಲಿ. ವ್ಯಾಕರಣ ಸರಿ ಇರುತ್ತದೆ, ಮಾತು ತಪ್ಪಿರುತ್ತದೆ.

ರೋಮನ್ ಕವಿ ಹೊರೇಸ್ ತನ್ನ ಓಡ್‌ಗಳ ಮೊದಲ ಸಂಪುಟದ 11ನೇ ಕವಿತೆಯಲ್ಲಿ "ಕರ್ಪೆ ದಿಯೆಮ್" ಎಂದ. ಇದನ್ನು 'ದಿನವನ್ನು ಹಿಡಿ' ಎಂದು ಹೇಳುವುದು ರೂಢಿ. 'ಕರ್ಪೆ' ಎಂದರೆ ಹಣ್ಣನ್ನೋ ಹೂವನ್ನೋ ಕಿತ್ತುಕೊಳ್ಳುವುದು. ಈಗ ಓದುವ ಹುಚ್ಚಿರುವವರು "ಕರ್ಪೆ ಲಿಬ್ರುಮ್" ಎಂದು ಚೀಲದ ಮೇಲೆಲ್ಲ ಅಚ್ಚು ಹಾಕಿಸುತ್ತಾರೆ. ದ್ವಿತೀಯಾ ವಿಭಕ್ತಿ ಸರಿ ಇದೆ. ಆದರೆ ಇದೇ ಕ್ರಿಯಾಪದಕ್ಕೆ ಇನ್ನೊಂದು ಹಳೆಯ ಅರ್ಥ ಇದೆ: ಹುಳುಕು ತೆಗೆಯುವುದು, ಎತ್ತಿ ಆಡುವುದು. ಮಾರ್ಷಲ್ ಕವಿ ತನ್ನ ಚುಟುಕಗಳ ಮೊದಲ ಸಂಪುಟದಲ್ಲಿ ಲೈಲಿಯುಸ್ ಎಂಬವನಿಗೆ ಹೇಳುತ್ತಾನೆ: ನಿನ್ನ ಕವಿತೆ ಹೊರಗೆ ತರುವುದಿಲ್ಲ, ನನ್ನ ಕವಿತೆಗೆ ಹುಳುಕು ತೆಗೆಯುತ್ತೀಯ, ಒಂದೋ ನನ್ನದನ್ನು ಆಡಿಕೊಳ್ಳಬೇಡ, ಇಲ್ಲ ನಿನ್ನದನ್ನು ತಾ. ಅಲ್ಲಿ ಎರಡು ಸಲವೂ ಬಳಸಿರುವುದು ಈ ಕ್ರಿಯಾಪದವೇ. ಬರಹಕ್ಕೆ ಸಂಬಂಧಿಸಿದ ಪದ ಪಕ್ಕಕ್ಕೆ ಬಂದ ಕೂಡಲೇ 'ಕರ್ಪೆ' ಆ ಕಡೆ ವಾಲುತ್ತದೆ. ಓದು ಎಂದು ಹೇಳಹೊರಟ ಮಾತು, ಬಲ್ಲವರ ಕಣ್ಣಿಗೆ 'ಪುಸ್ತಕವನ್ನು ಬಯ್ಯಿ' ಎಂದೂ ಕಾಣುತ್ತದೆ.

ಹಾಗಾದರೆ 'ಕರ್ಪೆ' ಜೊತೆ ಏನು ಚೆನ್ನಾಗಿ ಹೋಗುತ್ತದೆ? ರೋಮನ್ನರನ್ನೇ ಕೇಳಬೇಕು. ವರ್ಜಿಲ್ ತನ್ನ ಈನೀಡ್ ಕಾವ್ಯದ 6ನೇ ಭಾಗದಲ್ಲಿ "ಕರ್ಪೆ ವಿಯಮ್" ಎಂದೇ ಬರೆದಿದ್ದಾನೆ: ದಾರಿ ಹಿಡಿ, ನಡೆ. ನಡೆದಾಡುವವರ ಸಂಘಕ್ಕೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಒಂದೇ ಪದ ಬದಲು, ಅದೂ ವರ್ಜಿಲನ ಸಹಿ ಇರುವಂಥದ್ದು. ನಿದ್ದೆಯ ಜೊತೆಗೂ ಅವನು ಇದೇ ಕ್ರಿಯಾಪದ ಬಳಸುತ್ತಾನೆ, ಹಾಗಾಗಿ "ಕರ್ಪೆ ಸೊಮ್ನುಮ್" ಕೂಡ ನಡೆಯುತ್ತದೆ. 'ಕರ್ಪೆ ನೊಕ್ತೆಮ್' (ರಾತ್ರಿ), 'ಕರ್ಪೆ ಹೋರಮ್' (ಗಂಟೆ, ಹೊತ್ತು) ಕಾಲಕ್ಕೆ ಸೇರಿದ ಪದಗಳಾದ್ದರಿಂದ ತೊಂದರೆ ಇಲ್ಲ.

ಈ ಒಡನಾಟ ತಿಳಿಯಲು ಪದ-ಅರ್ಥದ ಸಣ್ಣ ಪಟ್ಟಿ ಸಾಲದು. ಉದಾಹರಣೆ ವಾಕ್ಯ ಕೊಡುವ ದೊಡ್ಡ ನಿಘಂಟು ಬೇಕು. 1879ರ ಲೂಯಿಸ್ ಮತ್ತು ಶಾರ್ಟ್ ನಿಘಂಟು ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪದದ ಎಲ್ಲ ಅರ್ಥಗಳನ್ನೂ ಕೊನೆತನಕ ಓದಿ, ಮೊದಲ ಸಾಲು ನೋಡಿ ಮುಚ್ಚಬೇಡಿ. ಯಂತ್ರಾನುವಾದವನ್ನು ಮಾತ್ರ ಇಲ್ಲಿ ನೆಚ್ಚಬೇಡಿ. ಎರಡು-ಮೂರು ಪದದ ತುಣುಕಿನಲ್ಲಿ ಅದು ವಿಭಕ್ತಿ ತಪ್ಪಿಸುವುದು ಜಾಸ್ತಿ.

ಸಮಾನಾರ್ಥಕ ಪದಗಳ ನಡುವೆ ಆರಿಸುವುದಕ್ಕೆ ಒಲಿಂಪಿಕ್ಸ್ ಒಳ್ಳೆಯ ಉದಾಹರಣೆ. 1894ರಿಂದ ಅದರ ಧ್ಯೇಯ "ಕಿತಿಯುಸ್, ಅಲ್ತಿಯುಸ್, ಫೊರ್ತಿಯುಸ್": ಇನ್ನೂ ವೇಗವಾಗಿ, ಇನ್ನೂ ಎತ್ತರಕ್ಕೆ, ಇನ್ನೂ ಬಲವಾಗಿ. 2021ರ ಜುಲೈ 20ರಂದು ಟೋಕಿಯೊದಲ್ಲಿ ಇದಕ್ಕೆ 'ಕೊಮ್ಮೂನಿತೆರ್' ಸೇರಿಸಿದರು, ಒಟ್ಟಾಗಿ ಎಂಬ ಅರ್ಥದಲ್ಲಿ. 'ಸಿಮುಲ್' ಎನ್ನಬಹುದಿತ್ತು, ಆದರೆ ಅದರಲ್ಲಿ 'ಅದೇ ಹೊತ್ತಿಗೆ' ಎಂಬ ಎಳೆ ಇದೆ. 'ಊನಾ' ಎಂದರೂ ಜೊತೆಗೆ ಎಂದೇ ಅರ್ಥ, ಆದರೆ ರೋಮನ್ ಲಿಪಿಯಲ್ಲಿ ಅದಕ್ಕೂ 'ಒಬ್ಬಳು' ಎನ್ನುವ 'ಊನ' ಪದಕ್ಕೂ ವ್ಯತ್ಯಾಸ ಕಾಣುವುದಿಲ್ಲ. 'ಕೊಮ್ಮೂನಿತೆರ್' ಪದದಲ್ಲಿ ಎಲ್ಲರಿಗೂ ಸೇರಿದ್ದು ಎಂಬ ಭಾವ ಗಟ್ಟಿಯಾಗಿದೆ. ಮೊದಲ ಮೂರಕ್ಕೆ ಇರುವ 'ಇಯುಸ್' ಕೊನೆ ಅದಕ್ಕಿಲ್ಲ, ಪದವೂ ಉದ್ದ. ಅದಕ್ಕೆ ಮುಂಚೆ ಒಂದು ಅಡ್ಡಗೆರೆ ಹಾಕಿ ದೂರ ನಿಲ್ಲಿಸಿದ್ದಾರೆ. ನನ್ನ ಮಟ್ಟಿಗೆ ಆ ಗೆರೆ ಬಹಳ ಒಳ್ಳೆಯ ನಿರ್ಧಾರ. ಲಯಕ್ಕೆ ಹೊಂದದ ಪದವನ್ನು ಸಾಲಿನೊಳಕ್ಕೆ ತುರುಕಲಿಲ್ಲ.

ಹಂತ 5: ಕ್ರಿಯಾಪದವಾದರೆ ಯಾರು, ಯಾವಾಗ ಎಂದು ಕೇಳಿ

ಕನ್ನಡದ 'ಬಂದೆ' ಪದದಲ್ಲಿ 'ನಾನು' ಅಡಗಿರುವ ಹಾಗೆ ಲ್ಯಾಟಿನ್ ಕ್ರಿಯಾಪದದಲ್ಲೂ ಕರ್ತೃ ಅಡಗಿರುತ್ತಾನೆ. "ವೇನೀ, ವೀದೀ, ವೀಕೀ": ಬಂದೆ, ನೋಡಿದೆ, ಗೆದ್ದೆ. ಕ್ರಿಸ್ತಪೂರ್ವ 47ರ ಜೆಲಾ ಕದನದ ಮೇಲೆ ಸೀಸರ್ ಹೇಳಿದ್ದು. ಕೊನೆಯ ಪದದ ಜಾಗದಲ್ಲಿ 'ಓದಿದೆ' ಬೇಕಾದರೆ 'ಲೇಗೀ' ಎನ್ನಬೇಕು. 'ಲೆಗೋ' ಎಂದರೆ 'ಓದುತ್ತೇನೆ' ಎಂದಾಗಿ ಕಾಲ ಕೆಡುತ್ತದೆ. 'ಬಾಳಿದೆ' ಎನ್ನಬೇಕಾದರೆ 'ವೀಕ್ಸೀ'. ಇದು ಕಿವಿಗೂ ಹಬ್ಬ: ಮೊದಲಲ್ಲಿ 'ವೀ', ಕೊನೆಯಲ್ಲಿ 'ಈ', ಎರಡೇ ಅಕ್ಷರ.

ಪೋಲೆಂಡಿನ ದೊರೆ ಯಾನ್ ಸೋಬಿಯೆಸ್ಕಿ 1683ರಲ್ಲಿ ವಿಯೆನ್ನಾದ ಮುತ್ತಿಗೆ ಮುರಿದ ಮೇಲೆ ಪೋಪರಿಗೆ ಬರೆದನೆನ್ನಲಾದ ಮಾತು "ವೇನಿಮುಸ್, ವೀದಿಮುಸ್, ದೆಯುಸ್ ವೀಕಿತ್": ಬಂದೆವು, ನೋಡಿದೆವು, ದೇವರು ಗೆದ್ದ. ಧಾತು ಮೂರೂ ಅವೇ. 'ನಾನು' ಹೋಗಿ 'ನಾವು' ಬಂತು, ಗೆಲುವಿನ ಹೊತ್ತಿಗೆ 'ನಾವು' ಕೂಡ ಹಿಂದೆ ಸರಿಯಿತು. ಸೀಸರನ ಜಂಬ ಇಲ್ಲಿ ವಿನಯವಾಗಿದೆ. ಹೊಸದಾಗಿ ಬಂದದ್ದು 'ದೇವರು' ಎಂಬ ಒಂದು ಪದ, ಉಳಿದದ್ದೆಲ್ಲ ಕ್ರಿಯಾಪದದ ಕೊನೆಗಳ ಕೆಲಸ.

ಹಂತ 6: ಲಘು-ಗುರು ಹಾಕಿ ನೋಡಿ

ಗಾದೆ ಪದ್ಯದಿಂದ ಬಂದಿದ್ದರೆ ಈ ಹಂತ ಬಿಡಬೇಡಿ. ಲ್ಯಾಟಿನ್ ಛಂದಸ್ಸು ನಡೆಯುವುದು ಲಘು-ಗುರುವಿನ ಮೇಲೆಯೇ. ದೀರ್ಘ ಸ್ವರ ಗುರು, ವ್ಯಂಜನಗಳ ಗುಂಪಿನ ಹಿಂದಿನ ಅಕ್ಷರವೂ ಗುರು. ನಾವು ಶಾಲೆಯಲ್ಲಿ ಒತ್ತಕ್ಷರದ ಹಿಂದಿನದು ಗುರು ಎಂದು ಕಲಿತದ್ದು ಇದೇ.

ವರ್ಜಿಲನ 10ನೇ ಗೋಪಗೀತೆ, ಅಂದರೆ ಎಕ್ಲಾಗ್‌ನಲ್ಲಿ ಬರುತ್ತದೆ: "ಒಮ್ನಿಯ ವಿಂಕಿತ್ ಅಮೊರ್", ಒಲವು ಎಲ್ಲವನ್ನೂ ಗೆಲ್ಲುತ್ತದೆ. ಕೂಡಿಸಿ ಓದಿದರೆ ಒಮ್-ನಿ-ಯ, ವಿಂ-ಕಿ-ತ, ಮೊರ್. ಗುರು ಲಘು ಲಘು, ಗುರು ಲಘು ಲಘು, ಗುರು. ಈಗ ಒಲವಿನ ಜಾಗದಲ್ಲಿ ದುಡಿಮೆ ಇಡಬೇಕು ಎಂದುಕೊಳ್ಳಿ. 'ಲಬೊರ್' ಕೂಡ 'ಅಮೊರ್' ಥರವೇ ಇದೆ, ಪ್ರಥಮಾ ವಿಭಕ್ತಿ, ಪುಲ್ಲಿಂಗ, ಎರಡಕ್ಷರ, ಕೊನೆಯಲ್ಲಿ 'ಒರ್'. ಎಲ್ಲ ಸರಿ ಎಂದು ಇಟ್ಟರೆ ಓಟ ಮುಗ್ಗರಿಸುತ್ತದೆ: ವಿಂ-ಕಿತ್-ಲ-ಬೊರ್. 'ತ್' ಜೊತೆ 'ಲ' ಸೇರಿತು, ಹಿಂದಿನ 'ಕಿ' ಲಘು ಇದ್ದದ್ದು ಗುರುವಾಯಿತು. ಸ್ವರದಿಂದ ಶುರುವಾಗುವ ಪದದ ಜಾಗಕ್ಕೆ ವ್ಯಂಜನದಿಂದ ಶುರುವಾಗುವ ಪದ ಬಂದದ್ದೇ ಕಾರಣ.

ವರ್ಜಿಲ್ ಮುಂದೆ ಬೇಸಾಯದ ಬಗ್ಗೆ ಜಾರ್ಜಿಕ್ಸ್ ಎಂಬ ಕಾವ್ಯ ಬರೆದಾಗ ದುಡಿಮೆಯ ಬಗ್ಗೆ ಈ ಮಾತನ್ನು ತಾನೇ ಹೇಳಿದ. ಅವನು ಪದಗಳ ಸಾಲನ್ನೇ ತಿರುಗಿಸಿದ: "ಲಬೊರ್ ಒಮ್ನಿಯ ವೀಕಿತ್". 'ಲಬೊರ್' ಮೊದಲಿಗೆ ಬಂತು. ಮುಂದಿನ 'ಒ' ಸ್ವರದ ಜೊತೆ ಬೆರೆತು ಲ-ಬೊ-ರೊಮ್ ಆಯಿತು. ಎರಡು ಲಘು ಬೇಕಾದ ಕಡೆ ಎರಡು ಲಘುವೇ ಕೂತವು. ಕ್ರಿಯಾಪದವೂ 'ವಿಂಕಿತ್' (ಗೆಲ್ಲುತ್ತದೆ) ಇದ್ದದ್ದು 'ವೀಕಿತ್' (ಗೆದ್ದಿತು) ಆಯಿತು. ಮುಂದಿನ ಸಾಲಿನ ಮೊದಲಲ್ಲಿ 'ಇಂಪ್ರೊಬುಸ್' ಎಂಬ ವಿಶೇಷಣ ಬೇರೆ ಇದೆ: ಬಿಡುವಿಲ್ಲದ, ಕರುಣೆ ಇಲ್ಲದ ದುಡಿಮೆ. ಇಂದು ಅಮೆರಿಕದ ಒಕ್ಲಹೋಮ ರಾಜ್ಯದ ಧ್ಯೇಯ "ಲಬೊರ್ ಒಮ್ನಿಯ ವಿಂಕಿತ್". ಕ್ರಿಯಾಪದ ಮತ್ತೆ ವರ್ತಮಾನಕ್ಕೆ ಬಂದಿದೆ, ಕಹಿ ವಿಶೇಷಣ ಬಿಟ್ಟುಹೋಗಿದೆ. ರೈತನ ಸಂಕಟದ ಸಾಲು ಹುರುಪಿನ ಸಾಲಾಗಿದೆ. ಧ್ಯೇಯವಾಕ್ಯಕ್ಕೆ ಅದು ಸರಿಯೇ. ಆದರೆ ಏನನ್ನು ಬಿಡುತ್ತಿದ್ದೇವೆ ಎಂದು ತಿಳಿದು ಬಿಡಬೇಕು.

ಮೊದಲಿಂದ ಕೊನೆತನಕ ಒಂದು ಉದಾಹರಣೆ

"ಹೊಮೋ ಹೊಮಿನೀ ಲುಪುಸ್": ಮನುಷ್ಯ ಮನುಷ್ಯನಿಗೆ ತೋಳ. ಇದನ್ನು 'ಮನುಷ್ಯ ಮನುಷ್ಯನಿಗೆ ಬೆಳಕು' ಎಂದು ಮಾಡೋಣ.

ಮೂಲ ರೋಮನ್ ನಾಟಕಕಾರ ಪ್ಲಾಟಸ್‌ನ ನಾಟಕದ್ದು. ಅಲ್ಲಿ ಒಬ್ಬ ವ್ಯಾಪಾರಿ ಗುರುತಿಲ್ಲದವನ ಕೈಗೆ ದುಡ್ಡು ಕೊಡಲು ಒಪ್ಪದೆ ಈ ಮಾತು ಹೇಳುತ್ತಾನೆ: ಎಂಥವನೆಂದು ಗೊತ್ತಿಲ್ಲದಾಗ ಮನುಷ್ಯ ಮನುಷ್ಯನಿಗೆ ತೋಳ. ತತ್ವಜ್ಞಾನಿ ಹಾಬ್ಸ್ 1642ರ ತನ್ನ ಪುಸ್ತಕದ ಅರ್ಪಣೆಯಲ್ಲಿ ಇದರ ಪಕ್ಕದಲ್ಲೇ 'ಮನುಷ್ಯ ಮನುಷ್ಯನಿಗೆ ದೇವರು' ಎಂಬ ಮಾತನ್ನೂ ಇಟ್ಟ. ಅಂದರೆ ಕೊನೆಯ ಪದ ಬದಲಿಸುವ ರೂಢಿ ಈ ಗಾದೆಗೆ ಹಳೆಯದು. ನಮಗೆ ಧೈರ್ಯ ಬಂತು.

ವಿಭಕ್ತಿ ನೋಡಿದರೆ 'ಹೊಮೋ' ಪ್ರಥಮಾ, 'ಹೊಮಿನೀ' ಚತುರ್ಥೀ, 'ಲುಪುಸ್' ಪ್ರಥಮಾ. 'ಎಸ್ತ್' ಎಂಬ 'ಇದ್ದಾನೆ' ಪದ ಬಿಟ್ಟುಹೋಗಿದೆ, ಕನ್ನಡದಲ್ಲಿ ನಾವೂ ಬಿಡುವ ಹಾಗೆ. ಹೊಸ ಪದ ಪ್ರಥಮಾ ರೂಪದಲ್ಲೇ ಬರುತ್ತದೆ, ಹಾಗಾಗಿ ನಿಘಂಟಿನ ಮೊದಲ ರೂಪವೇ ಸಾಕು. ಶುರು ಮಾಡುವವರಿಗೆ ಇಂಥ ಗಾದೆ ಸುಲಭ.

ಬೆಳಕಿಗೆ ಪದಗಳು ಹಲವು. 'ಲೂಕ್ಸ್' ಎಂದರೆ ಹಗಲಿನ ಬೆಳಕು. ಚೆಂದದ ಪದವೇ, ಆದರೆ ಒಂದೇ ಅಕ್ಷರವಾಗಿ ಗಕ್ಕನೆ ನಿಲ್ಲುತ್ತದೆ. 'ಲುಕೆರ್ನ' ಎಣ್ಣೆ ದೀಪ, ಬರಿಯ ವಸ್ತು. 'ಫಕ್ಸ್' ಎಂದರೆ ಪಂಜು. ಇದು ಅಪಾಯದ ಪದ, ಬೆಂಕಿ ಹಚ್ಚುವವನಿಗೂ ಇದನ್ನೇ ಬಳಸುತ್ತಿದ್ದರು. ಲಿವಿ ತನ್ನ ಇತಿಹಾಸದಲ್ಲಿ ರೋಮಿನ ಶತ್ರು ಸೇನಾಪತಿ ಹ್ಯಾನಿಬಲ್‌ನನ್ನು ಯುದ್ಧದ ಪಂಜು ಎಂದು ಒಬ್ಬ ವಿರೋಧಿಯ ಬಾಯಲ್ಲಿ ಅನ್ನಿಸುತ್ತಾನೆ. 'ಮನುಷ್ಯ ಮನುಷ್ಯನಿಗೆ ಪಂಜು' ಎಂದರೆ ತೋಳಕ್ಕಿಂತ ಕೆಟ್ಟದ್ದಾದೀತು.

ಉಳಿದದ್ದು 'ಲೂಮೆನ್'. ದೀಪ, ಬೆಳಕು ಕೊಡುವುದು, ಕಣ್ಣು ಎಂಬ ಅರ್ಥಗಳೂ ಇವೆ. ಸಿಸೆರೊ ದೊಡ್ಡ ಮನುಷ್ಯರನ್ನು ನಾಡಿನ ದೀಪಗಳು ಎನ್ನುವಾಗ ಬಳಸುವುದು ಇದರ ಬಹುವಚನವನ್ನೇ. ಹಾಗಾಗಿ ಮನುಷ್ಯರಿಗೆ ಈ ಪದ ಹೇಳಿದರೆ ರೋಮನ್ನರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ನಪುಂಸಕ ಲಿಂಗ, ಆದರೆ ಇದು ವಿಶೇಷಣವಲ್ಲ, ನಾಮಪದ. 'ಹೊಮೋ' ಪದದ ಲಿಂಗಕ್ಕೆ ಹೊಂದಬೇಕೆಂದಿಲ್ಲ.

ಕಿವಿಗೆ? ಲುಪುಸ್, ಲೂಮೆನ್. ಎರಡಕ್ಷರಕ್ಕೆ ಎರಡಕ್ಷರ, 'ಲ'ಕಾರಕ್ಕೆ 'ಲ'ಕಾರ. ಕೇಳುವವರು 'ಲು' ಬಂದ ತಕ್ಷಣ ತೋಳವನ್ನು ಕಾಯುತ್ತಿರುತ್ತಾರೆ, ಬೆಳಕು ಬರುತ್ತದೆ. ಮೊದಲಕ್ಷರ ಲಘುವಿದ್ದದ್ದು ಗುರುವಾಗಿದೆ ನಿಜ. ಈ ಮೂರು ಪದ ಪದ್ಯದ ಸಾಲಾಗಿ ನಿಲ್ಲುತ್ತಿಲ್ಲವಾದ್ದರಿಂದ ಅದು ತೊಡಕಲ್ಲ. ಆ ಎಳೆತದಿಂದ ಕೊನೆಯ ಪದಕ್ಕೆ ತೂಕ ಬಂದಿದೆ ಎಂದೇ ನನ್ನ ಎಣಿಕೆ.

"ಹೊಮೋ ಹೊಮಿನೀ ಲೂಮೆನ್."

ಕೊರೆಸುವ ಮುಂಚೆ ಲ್ಯಾಟಿನ್ ಓದಿರುವ ಒಬ್ಬರಿಗೆ ತೋರಿಸಿ. ನೀವು ಏನು ಹೇಳಹೊರಟಿದ್ದೀರಿ ಎಂದು ಮಾತ್ರ ಮೊದಲೇ ಹೇಳಬೇಡಿ, ಅವರೇ ಓದಿ ಅರ್ಥ ಹೇಳಲಿ. ಬೇರೆ ಅರ್ಥ ಬಂದರೆ ವಾದ ಮಾಡಬೇಡಿ, ಪದ ಬದಲಿಸಿ. ಒಪ್ಪಿಗೆಯಾದ ಮೇಲೆ ಉಳಿಯುವುದು ಅಕ್ಷರದ ಕೆಲಸ. ಪುಸ್ತಕದಲ್ಲಾದರೆ ಸಾಮಾನ್ಯ ರೋಮನ್ ಅಕ್ಷರ ಸಾಕು, ದೀರ್ಘದ ಗುರುತು ಹಾಕುವ ರೂಢಿ ಇಲ್ಲ. ಕಲ್ಲಿನಲ್ಲೋ ಲೋಹದಲ್ಲೋ ಹಳೆಯ ರೋಮನ್ ಶಾಸನದ ಹಾಗೆ ದೊಡ್ಡಕ್ಷರಗಳಲ್ಲಿ ಕೊರೆಸುವುದಾದರೆ ಒಂದು ಮಾತು ಕೊರೆಯುವವರಿಗೆ ಮೊದಲೇ ಹೇಳಿಬಿಡಿ. ಆ ಶಾಸನಗಳಲ್ಲಿ 'ಉ' ಧ್ವನಿಗೂ 'ವಿ' ಅಕ್ಷರವನ್ನೇ ಬರೆಯುತ್ತಿದ್ದರು. ಇಲ್ಲದಿದ್ದರೆ ಅವರು ನಿಮ್ಮದು ತಪ್ಪೆಂದುಕೊಂಡು 'ಲೂಮೆನ್' ಪದವನ್ನು ತಾವೇ ತಿದ್ದಿ ಕೊಡುತ್ತಾರೆ.